ತೋಳ್ಬಲಕ್ಕೂ ದಮ್ಮಿಗೂ ಯಾವ ಅಳತೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಜಿಮ್ ಈಗ ಉಳ್ಳವರ ಶೋಕಿಯಾಗಿ ಉಳಿದಿಲ್ಲ. ಪೊಲೀಸ್ ಮತ್ತು ಸೇನಾ ನೇಮಕಾತಿಗೆ ತಯಾರಾಗುವ ಹುಡುಗರು, ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ ಎಂದು ವೈದ್ಯರಿಂದ ಎಚ್ಚರಿಕೆ ಪಡೆದ ನೌಕರರು, ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂತು ಬೆನ್ನು ಹಿಡಿದ ಅಂಗಡಿಯವರು, ತೂಕ ಇಳಿಸಲೆಂದು ಬರುವ ಗೃಹಿಣಿಯರು ಒಂದೇ ಕಬ್ಬಿಣ ಎತ್ತುತ್ತಾರೆ, ಒಂದೇ ಟ್ರೆಡ್‌ಮಿಲ್ ಮೇಲೆ ಬೆವರು ಸುರಿಸುತ್ತಾರೆ. ಇದು ಅಗತ್ಯವೂ ಹೌದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ ಮಧುಮೇಹವಿದೆ. ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಸಾಕಷ್ಟು ದೈಹಿಕ ಚಟುವಟಿಕೆ ಮಾಡುತ್ತಿಲ್ಲ ಎಂದು 2024ರ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ವರದಿ ಹೇಳಿತು. ಆದರೆ ಜಿಮ್ ಸೇರುವುದು ಬೇರೆ, ಸೇರಿದ್ದರಿಂದ ಏನಾಯಿತು ಎಂದು ತಿಳಿಯುವುದು ಬೇರೆ. ಮೂರು ತಿಂಗಳ ಫೀಸು ಕಟ್ಟಿದವರನ್ನು ‘ಏನು ಬದಲಾಯಿತು?’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಎರಡೇ: ತೂಕ ಇಷ್ಟು ಇಳಿಯಿತು, ಇಲ್ಲವೇ ತೋಳು ಇಷ್ಟು ದಪ್ಪವಾಯಿತು. ಈ ಎರಡೂ ಉತ್ತರ ದೇಹದ ತೋರಿಕೆಯನ್ನು ಹೇಳುತ್ತವೆಯೇ ಹೊರತು ಅದರ ಸಾಮರ್ಥ್ಯವನ್ನಲ್ಲ. ಜಿಮ್ಮಿನ ಪ್ರಗತಿಯನ್ನು ಅಳೆಯಬೇಕಾದ್ದು ಸಾಮರ್ಥ್ಯದಿಂದ. ಅದಕ್ಕೆ ಬೇಕಾದ್ದು ಬದಲಾಗದ ಕೆಲವೇ ಅಳತೆಗೋಲು, ಒಂದು ನೋಟ್‌ಬುಕ್ಕು ಮತ್ತು ತಿಂಗಳುಗಟ್ಟಲೆ ಕಾಯುವ ತಾಳ್ಮೆ. ದುಬಾರಿ ಸಲಕರಣೆ ಬೇಕಿಲ್ಲ. ಸಣ್ಣ ಊರುಗಳಿಗೆ ಇದರಲ್ಲಿ ಯಾವ ಕೊರತೆಯೂ ಇಲ್ಲ.

ಬಲವನ್ನು ಸಾಮರ್ಥ್ಯದಿಂದ ಅಳೆಯುವುದು ಈ ನೆಲಕ್ಕೆ ಹೊಸದೇನಲ್ಲ. ಚಿತ್ರದುರ್ಗದ ಕೋಟೆಯೊಳಗೇ ಗರಡಿಮನೆ ಇದೆ. ಬಯಲುಸೀಮೆಯ ಗರಡಿಗಳಲ್ಲಿ ಸಾಮು ಮಾಡುವವರ ಲೆಕ್ಕ ಸರಳವಾಗಿತ್ತು: ಎಷ್ಟು ಬಸ್ಕಿ, ಎಷ್ಟು ದಂಡ, ಯಾವ ಗದೆ, ಯಾವ ಗುಂಡು. ಕರ್ನಾಟಕದ ಹಲವು ಹಳ್ಳಿಗಳಲ್ಲಿ ಹಬ್ಬ ಜಾತ್ರೆಗಳ ಹೊತ್ತಿಗೆ ಗುಂಡುಕಲ್ಲು ಎತ್ತುವ ಪಂದ್ಯ ಇಂದಿಗೂ ನಡೆಯುತ್ತದೆ. ಕಲ್ಲು ಬದಲಾಗುವುದಿಲ್ಲ, ಎತ್ತುವವರು ಬದಲಾಗುತ್ತಾರೆ. ಹೋದ ವರ್ಷ ಮೊಣಕಾಲಿನವರೆಗೆ ಬಂದ ಕಲ್ಲು ಈ ವರ್ಷ ಹೆಗಲೇರಿದರೆ ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಗರಡಿಯ ಈ ಪದ್ಧತಿಯಲ್ಲಿ ಎರಡು ದೊಡ್ಡ ಗುಣಗಳಿದ್ದವು. ಅಳತೆಗೋಲು ಎಲ್ಲರ ಕಣ್ಣೆದುರು ಇತ್ತು, ಮತ್ತು ಸರಿಯಾಗಿ ಎತ್ತಿದ್ದು ಯಾವುದು, ಅರ್ಧಂಬರ್ಧ ಎತ್ತಿದ್ದು ಯಾವುದು ಎಂದು ಹೇಳಲು ಉಸ್ತಾದರಿದ್ದರು. ಕೊರತೆಯೂ ಇತ್ತು. ಲೆಕ್ಕ ಉಸ್ತಾದರ ನೆನಪಿನಲ್ಲಿರುತ್ತಿತ್ತು, ಬರಹದಲ್ಲಲ್ಲ. ಗೆದ್ದವನ ಹೆಸರು ಉಳಿಯಿತು, ನಿಧಾನವಾಗಿ ಬೆಳೆದವನ ಲೆಕ್ಕ ಅಳಿಸಿಹೋಯಿತು. ಆಧುನಿಕ ಜಿಮ್ ಗರಡಿಯಿಂದ ಸ್ಥಿರವಾದ ಅಳತೆಗೋಲನ್ನೂ ಉಸ್ತಾದರ ಕಣ್ಣನ್ನೂ ಪಡೆದುಕೊಂಡು, ಅದಕ್ಕೆ ಬರಹವನ್ನು ಸೇರಿಸಬೇಕಿತ್ತು. ಬಹಳ ಕಡೆ ಆದದ್ದೇ ಬೇರೆ. ಕನ್ನಡಿಗಳು ಬಂದವು, ತೂಕದ ಯಂತ್ರ ಬಂತು, ಲೆಕ್ಕ ಇಡುವ ರೂಢಿ ಮಾತ್ರ ಬರಲಿಲ್ಲ.

ಬರೆದಿಡುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಸಾಕಷ್ಟು ಗಟ್ಟಿಯಾದ ಉತ್ತರವಿದೆ. ತಮ್ಮ ಗುರಿಯತ್ತ ಎಷ್ಟು ಸಾಗಿದ್ದೇವೆ ಎಂದು ಆಗಾಗ ನೋಡಿಕೊಳ್ಳುವವರು ಗುರಿ ಮುಟ್ಟುವ ಸಾಧ್ಯತೆ ಹೆಚ್ಚೇ ಎಂಬುದನ್ನು ಪರೀಕ್ಷಿಸಿದ 138 ಅಧ್ಯಯನಗಳನ್ನು, ಒಟ್ಟು ಸುಮಾರು 20 ಸಾವಿರ ಜನರ ಮಾಹಿತಿಯನ್ನು, ಹಾರ್ಕಿನ್ ಮತ್ತು ಸಂಗಡಿಗರು 2016ರಲ್ಲಿ ಒಟ್ಟುಗೂಡಿಸಿ ನೋಡಿದರು. ಹೆಚ್ಚು ಎಂಬುದೇ ಅವರ ತೀರ್ಮಾನ. ಮನಸ್ಸಿನಲ್ಲೇ ಅಂದಾಜು ಮಾಡಿಕೊಂಡವರಿಗಿಂತ ಬರೆದಿಟ್ಟವರಿಗೆ ಮತ್ತು ಇತರರಿಗೆ ತಿಳಿಸಿದವರಿಗೆ ಪ್ರಯೋಜನ ಇನ್ನೂ ಹೆಚ್ಚಿತ್ತು. ಭಾರದ ವ್ಯಾಯಾಮದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿದ್ದ ಡಾ. ಥಾಮಸ್ ಡಿಲೋರ್ಮ್, ಗಾಯಗೊಂಡ ಸೈನಿಕರ ಮಂಡಿಗೆ ಬಲ ತುಂಬಲು ಭಾರ ಎತ್ತಿಸುವ ಪದ್ಧತಿ ರೂಪಿಸಿ 1945ರಲ್ಲಿ ಪ್ರಕಟಿಸಿದರು. ರೋಗಿ ಹತ್ತು ಬಾರಿ ಎತ್ತಬಲ್ಲ ಗರಿಷ್ಠ ಭಾರ ಎಷ್ಟೆಂದು ಅಳೆಯುವುದು, ಅದಕ್ಕೆ ತಕ್ಕಂತೆ ವ್ಯಾಯಾಮ ಕೊಡುವುದು, ಮತ್ತೆ ಅಳೆದು ಭಾರ ಏರಿಸುವುದು. ಇಂದು ಲೋಕದ ಎಲ್ಲ ಜಿಮ್ಮುಗಳಲ್ಲೂ ನಡೆಯುವ ಸೆಟ್ಟು (ಬಿಡುವಿಲ್ಲದೆ ಎತ್ತುವ ಒಂದು ಸರಣಿ), ರೆಪ್ಸುಗಳ (ಅದರಲ್ಲಿ ಎಷ್ಟು ಬಾರಿ ಎತ್ತಿದ್ದು) ಲೆಕ್ಕ ಇಲ್ಲಿಂದ ಹರಡಿತು. ಅಳತೆ ಈ ಪದ್ಧತಿಗೆ ಆಮೇಲೆ ಅಂಟಿಸಿದ್ದಲ್ಲ, ಅದೇ ಅದರ ಅಡಿಪಾಯ. ಹಿಂದಿನ ವಾರ ಎಷ್ಟು ಎತ್ತಿದೆ ಎಂದು ಗೊತ್ತಿಲ್ಲದವರಿಗೆ ಈ ವಾರ ಎಷ್ಟು ಎತ್ತಬೇಕು ಎಂದೂ ಗೊತ್ತಾಗುವುದಿಲ್ಲ.

ಹಾಗಾದರೆ ಏನನ್ನು ಅಳೆಯಬಾರದು ಎಂಬುದರಿಂದ ಶುರು ಮಾಡೋಣ. ದೇಹದ ತೂಕ ಒಂದೇ ದಿನದಲ್ಲಿ ಒಂದೆರಡು ಕಿಲೋ ಏರಿಳಿಯುತ್ತದೆ. ಹಬ್ಬದ ಊಟದಲ್ಲಿ ಉಪ್ಪು ಹೆಚ್ಚಾದರೆ ನೀರು ದೇಹದಲ್ಲಿ ನಿಲ್ಲುತ್ತದೆ. ಸ್ನಾಯುಗಳಲ್ಲಿ ಶೇಖರವಾಗುವ ಪ್ರತಿ ಗ್ರಾಂ ಗ್ಲೈಕೋಜೆನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಶಿವರಾತ್ರಿಯ ಉಪವಾಸದ ಮರುದಿನ ಇಳಿದ ತೂಕವಾಗಲಿ, ಯುಗಾದಿಯ ಹೋಳಿಗೆಯ ಮರುದಿನ ಏರಿದ ತೂಕವಾಗಲಿ ಕೊಬ್ಬಿನದಲ್ಲ. ಬರಿಗಾಲಲ್ಲಿ ನಿಂತರೆ ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಗಳು ದೇಹದ ಮೂಲಕ ಸಣ್ಣ ವಿದ್ಯುತ್ ಹರಿಸಿ ಲೆಕ್ಕ ಹಾಕುತ್ತವೆ. ಕುಡಿದ ನೀರು, ಸುರಿಸಿದ ಬೆವರು ಆ ಲೆಕ್ಕವನ್ನು ಏರುಪೇರು ಮಾಡುತ್ತವೆ. ಕನ್ನಡಿ ಇನ್ನೂ ದೊಡ್ಡ ತೊಡಕು. ಹೊಸಬರಿಗೆ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲದ ಬಹುಪಾಲು ಬರುವುದು ಸ್ನಾಯು ದಪ್ಪವಾಗಿ ಅಲ್ಲ, ಇರುವ ಸ್ನಾಯುವನ್ನೇ ನರಮಂಡಲ ಚೆನ್ನಾಗಿ ದುಡಿಸಿಕೊಳ್ಳಲು ಕಲಿತು. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ಮೂರರಿಂದ ಐದು ವಾರಗಳ ನಂತರವೇ ಸ್ನಾಯುವಿನ ಬೆಳವಣಿಗೆ ಮುಂದಾಯಿತು. ಅಂದರೆ ಮೊದಲ ತಿಂಗಳ ನಿಜವಾದ ಪ್ರಗತಿ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಕನ್ನಡಿಯನ್ನೇ ನಂಬಿದವರು ‘ಏನೂ ಆಗಲಿಲ್ಲ’ ಎಂದು ಜಿಮ್ ಬಿಡುವುದು ದೇಹ ಅತಿ ವೇಗವಾಗಿ ಕಲಿಯುತ್ತಿರುವ ಹೊತ್ತಿನಲ್ಲೇ. ನೋಟ್‌ಬುಕ್ಕಿನಲ್ಲಿ ಮಾತ್ರ ಆ ಕಲಿಕೆ ಕಾಣುತ್ತದೆ.

ಬಲದ ಅಳತೆಗೆ ನಾಲ್ಕೈದು ಎತ್ತುವಿಕೆ ಸಾಕು: ಕೂತು ಏಳುವ ಸ್ಕ್ವಾಟ್, ನೆಲದಿಂದ ಎತ್ತುವ ಡೆಡ್‌ಲಿಫ್ಟ್, ಎದೆಯಿಂದ ತಳ್ಳುವ ಬೆಂಚ್ ಪ್ರೆಸ್, ತಲೆಯ ಮೇಲೆ ಎತ್ತುವ ಪ್ರೆಸ್, ಹಿಂದಕ್ಕೆ ಎಳೆಯುವ ಒಂದು ವ್ಯಾಯಾಮ. ಪ್ರತಿಯೊಂದಕ್ಕೂ ದಿನಾಂಕ, ಭಾರ, ಸೆಟ್ಟು, ರೆಪ್ಸು ಬರೆದರೆ ಒಂದು ದಿನದ ದಾಖಲೆ ಐದು ಸಾಲು ಮೀರುವುದಿಲ್ಲ. ಇಲ್ಲಿ ಒಂದು ಸಣ್ಣ ಗಣಿತ ನೆರವಿಗೆ ಬರುತ್ತದೆ. ಎತ್ತಿದ ಭಾರವನ್ನು ರೆಪ್ಸಿನ ಮೂವತ್ತನೇ ಒಂದು ಭಾಗದಿಂದ ಗುಣಿಸಿ, ಬಂದದ್ದನ್ನು ಅದೇ ಭಾರಕ್ಕೆ ಸೇರಿಸಿದರೆ ಒಂದೇ ಬಾರಿ ಎತ್ತಬಲ್ಲ ಗರಿಷ್ಠ ಭಾರದ ಅಂದಾಜು ಸಿಗುತ್ತದೆ. ಎಪ್ಲಿ ಸೂತ್ರ ಎಂದು ಇದಕ್ಕೆ ಹೆಸರು. 50 ಕಿಲೋ ಆರು ಬಾರಿ ಎತ್ತಿದವರ ಅಂದಾಜು ಗರಿಷ್ಠ 60 ಕಿಲೋ. ಮುಂದಿನ ವಾರ ಅವರೇ 45 ಕಿಲೋ ಹತ್ತು ಬಾರಿ ಎತ್ತಿದರೂ ಅಂದಾಜು 60 ಕಿಲೋವೇ. ಪ್ಲೇಟು ಕಡಿಮೆಯಾಯಿತೆಂದು ಹಿನ್ನಡೆ ಎಂದು ತಿಳಿಯಬೇಕಾಗಿಲ್ಲ. ಹತ್ತಕ್ಕಿಂತ ಹೆಚ್ಚು ರೆಪ್ಸಿಗೆ ಈ ಸೂತ್ರ ಅಷ್ಟು ನೆಚ್ಚಿಕೆಯದಲ್ಲ, ಆದರೆ ಗರಿಷ್ಠ ಭಾರವನ್ನು ನಿಜವಾಗಿ ಎತ್ತಿ ನೋಡುವ ಅಪಾಯದಿಂದ ಹೊಸಬರನ್ನು ಪಾರು ಮಾಡುತ್ತದೆ. ಒಂದು ಷರತ್ತು ಮಾತ್ರ ಬಿಡುವಂತಿಲ್ಲ. ತೊಡೆ ನೆಲಕ್ಕೆ ಸಮಾನಾಂತರವಾಗುವವರೆಗೆ ಕೂತ ಸ್ಕ್ವಾಟ್ ಮಾತ್ರ ಸ್ಕ್ವಾಟ್, ಎದೆ ಮುಟ್ಟಿದ ಬೆಂಚ್ ಮಾತ್ರ ಬೆಂಚ್. ಜೊತೆಗಾರ ಕೈಕೊಟ್ಟು ಎತ್ತಿದ ರೆಪ್ಪು ಲೆಕ್ಕಕ್ಕಿಲ್ಲ. ಭಾರ ಏರುತ್ತಾ ಆಳ ಇಳಿಯುತ್ತಾ ಹೋದರೆ ನೋಟ್‌ಬುಕ್ಕಿನಲ್ಲಿ ಪ್ರಗತಿ, ಮಂಡಿಯಲ್ಲಿ ನೋವು. ಉಸ್ತಾದರ ಕಣ್ಣು ಇಂದಿಗೂ ಬೇಕಾಗಿರುವುದು ಇಲ್ಲಿಯೇ.

ಸಣ್ಣ ಜಿಮ್ಮುಗಳ ಇನ್ನೊಂದು ವಾಸ್ತವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಷ್ಟೋ ಕಡೆ ಬಾರ್‌ಬೆಲ್ಲಿಗೆ ಹಾಕುವ ಅತಿ ಸಣ್ಣ ಪ್ಲೇಟು ಎರಡೂವರೆ ಕಿಲೋದ್ದು. ಎರಡೂ ಬದಿಗೆ ಒಂದೊಂದು ಹಾಕಿದರೆ ಒಮ್ಮೆಗೆ 5 ಕಿಲೋ ಏರುತ್ತದೆ. 100 ಕಿಲೋ ಡೆಡ್‌ಲಿಫ್ಟ್ ಮಾಡುವವರಿಗೆ ಅದು ನೂರಕ್ಕೆ ಐದು. 20 ಕಿಲೋದ ಬರೀ ರಾಡನ್ನು ತಲೆಯ ಮೇಲೆತ್ತಲು ಈಗಷ್ಟೇ ಕಲಿತ ಮಹಿಳೆಗೆ ಅದು ನೂರಕ್ಕೆ ಇಪ್ಪತ್ತೈದು. ಈ ನೆಗೆತ ಅವರಿಂದ ಆಗದಿದ್ದರೆ ಅದು ಅವರ ಸೋಲಲ್ಲ, ಪ್ಲೇಟಿನ ಸೋಲು. ದಾರಿ ಇದೆ: ಅದೇ ಭಾರದಲ್ಲಿ ಆರು ರೆಪ್ಸಿನಿಂದ ಹನ್ನೆರಡು ರೆಪ್ಸಿನವರೆಗೆ ಏರುವುದು, ಆಮೇಲೆ ಭಾರ ಹೆಚ್ಚಿಸಿ ಮತ್ತೆ ಆರರಿಂದ ಶುರು ಮಾಡುವುದು. ರೆಪ್ಸನ್ನೂ ಬರೆದಿಟ್ಟವರಿಗೆ ಈ ನಡುವಿನ ಏರಿಕೆ ಕಾಣುತ್ತದೆ. ಭಾರವನ್ನಷ್ಟೇ ನೆನಪಿಟ್ಟುಕೊಂಡವರಿಗೆ ಎರಡು ತಿಂಗಳು ನಿಂತಲ್ಲೇ ನಿಂತಂತೆ ಭಾಸವಾಗುತ್ತದೆ. ಜಿಮ್ ನಡೆಸುವವರು ಒಂದೂಕಾಲು ಕಿಲೋದ ಪ್ಲೇಟು ಒಂದೆರಡು ಜೊತೆ ತಂದಿಟ್ಟರೆ, ಗೋಡೆಗೆ ಇನ್ನೊಂದು ಕನ್ನಡಿ ಹಾಕಿಸುವುದಕ್ಕಿಂತ ಹೆಚ್ಚಿನ ಉಪಕಾರವಾಗುತ್ತದೆ.

ಒಂದೇ ಅಂಕಿಯನ್ನು ನಂಬಿದರೆ ಎಷ್ಟು ತಪ್ಪಬಹುದು ಎಂಬುದಕ್ಕೆ ಕರ್ನಾಟಕದ ಅತ್ಯುತ್ತಮ ಉದಾಹರಣೆ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 56 ಕಿಲೋ ವಿಭಾಗದಲ್ಲಿ 111 ಮತ್ತು 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ 61 ಕಿಲೋ ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಕಿಲೋ ಎತ್ತಿ ಕಂಚು ಗೆದ್ದರು. ಪದಕದ ಬಣ್ಣ ನೋಡಿದರೆ ಹಿನ್ನಡೆ. ಎತ್ತಿದ ಭಾರ ನೋಡಿದರೆ ನಾಲ್ಕು ವರ್ಷಗಳಲ್ಲಿ 20 ಕಿಲೋ ಮುನ್ನಡೆ. ವಿಭಾಗದ ತೂಕದಿಂದ ಭಾಗಿಸಿದರೆ 2018ರಲ್ಲಿ 4.45 ಪಟ್ಟು, 2022ರಲ್ಲಿ 4.41 ಪಟ್ಟು, ಅಂದರೆ ಹೆಚ್ಚುಕಡಿಮೆ ನಿಂತಲ್ಲೇ. ಅಂತರರಾಷ್ಟ್ರೀಯ ಒಕ್ಕೂಟ 2018ರ ಕೊನೆಯಲ್ಲಿ ತೂಕದ ವಿಭಾಗಗಳನ್ನೇ ಬದಲಿಸಿ 56 ಕಿಲೋ ವಿಭಾಗವನ್ನು ಕೈಬಿಟ್ಟಿತ್ತು ಎಂಬುದು ತಿಳಿದಾಗ ಈ ಮೂರೂ ಅಂಕಿಗಳಿಗೆ ಬೇರೆಯೇ ಅರ್ಥ ಬರುತ್ತದೆ. ಭಾರವಾದ ದೇಹದಲ್ಲಿ ಅದೇ ಅನುಪಾತ ಉಳಿಸಿಕೊಳ್ಳುವುದು ಸುಲಭವಲ್ಲ, ಏಕೆಂದರೆ ತೂಕ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಬಲ ಹೆಚ್ಚುವುದಿಲ್ಲ. ಹಾಗೆ ನೋಡಿದರೆ ಅದು ದೊಡ್ಡ ಮುನ್ನಡೆ. ಇನ್ನೊಂದು ತುದಿಯಲ್ಲಿ, ದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಹತ್ತಿ ‘ಕೋತಿರಾಜ’ ಎಂದೇ ಹೆಸರಾದ ಜ್ಯೋತಿರಾಜ್ ಅವರ ಕಲೆಗೆ ಒಟ್ಟು ಭಾರದ ಲೆಕ್ಕ ಉಪಯೋಗಕ್ಕೆ ಬಾರದು. ಅಲ್ಲಿ ಲೆಕ್ಕ ತನ್ನ ಮೈತೂಕವನ್ನು ಬೆರಳ ತುದಿಯಲ್ಲಿ ಎಷ್ಟು ಹೊತ್ತು ಹೊರಬಲ್ಲೆ ಎಂಬುದರದ್ದು. ಆದ್ದರಿಂದ ಅಳತೆ ಆರಿಸುವ ಮೊದಲು ಯಾವ ಸಾಮರ್ಥ್ಯಕ್ಕಾಗಿ ಶ್ರಮಿಸುತ್ತಿದ್ದೇವೆ ಎಂದು ತೀರ್ಮಾನಿಸಿಕೊಳ್ಳಬೇಕು.

ದಮ್ಮಿನ ಅಳತೆಯಲ್ಲಿ ಈ ಜಿಲ್ಲೆಯ ಯುವಕರಿಗೆ ಸಿದ್ಧ ಅಳತೆಗೋಲೊಂದು ಸಿಕ್ಕಿದೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಹಿರಿಯೂರು ತಾಲ್ಲೂಕಿನ ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆಯೇ ಇರುವುದರಿಂದ ಈ ಕನಸು ಇಲ್ಲಿನ ಹುಡುಗರಿಗೆ ದೂರದ್ದಲ್ಲ. 400 ಮೀಟರ್ ಟ್ರ್ಯಾಕಿನಲ್ಲಿ ಇದು ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡು. ಒಬ್ಬ ಹುಡುಗ ಮೊದಲ ಸುತ್ತನ್ನು ಹುರುಪಿನಲ್ಲಿ 85 ಸೆಕೆಂಡಿಗೆ ಮುಗಿಸಿ, ಎರಡನೆಯದಕ್ಕೆ 93, ಮೂರನೆಯದಕ್ಕೆ 100, ಕೊನೆಯದಕ್ಕೆ 115 ಸೆಕೆಂಡು ತೆಗೆದುಕೊಂಡರೆ ಒಟ್ಟು 393. ಮೂರು ಸೆಕೆಂಡಿನಿಂದ ನೌಕರಿ ಕೈತಪ್ಪಿತು. ಒಟ್ಟು ಸಮಯವನ್ನಷ್ಟೇ ಬರೆದರೆ ಅವನಿಗೆ ದಮ್ಮು ಸಾಲದು ಎನ್ನಬೇಕಾಗುತ್ತದೆ. ಸುತ್ತುಸುತ್ತಿನ ಸಮಯ ಬರೆದರೆ ದೋಷ ದಮ್ಮಿನದ್ದಲ್ಲ, ಓಟದ ಹಂಚಿಕೆಯದು ಎಂದು ಗೊತ್ತಾಗುತ್ತದೆ. ನೇಮಕಾತಿಯ ಗುರಿ ಇಲ್ಲದವರಿಗೆ ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಪರೀಕ್ಷೆ ಒಳ್ಳೆಯದು: 12 ನಿಮಿಷದಲ್ಲಿ ಎಷ್ಟು ದೂರ ಓಡಬಲ್ಲಿರಿ ಎಂಬುದಷ್ಟೇ ಅದರ ಪ್ರಶ್ನೆ. ಓಡಲಾಗದವರು ಆರು ನಿಮಿಷ ನಡೆದು ದೂರ ಅಳೆಯಬಹುದು. ಟ್ರ್ಯಾಕ್ ಇಲ್ಲದ ಕಡೆ ಶಾಲೆಯ ಮೈದಾನದ ಸುತ್ತು, ವಾಹನ ಓಡಾಡದ ರಸ್ತೆಯ ಎರಡು ಕಿಲೋಮೀಟರ್ ಕಲ್ಲುಗಳ ನಡುವಿನ ದೂರ, ದುರ್ಗದವರಿಗೆ ಕೋಟೆಯ ಒಂದು ನಿಶ್ಚಿತ ಬಾಗಿಲಿನಿಂದ ಇನ್ನೊಂದು ನಿಶ್ಚಿತ ಗುಡಿಯವರೆಗಿನ ಏರು ಸಾಕು. ದೂರ ಎಷ್ಟೇ ಇರಲಿ, ಪ್ರತಿ ಬಾರಿಯೂ ಅದೇ ಆಗಿರಬೇಕು.

ದೂರ ಮತ್ತು ಸಮಯದ ಜೊತೆಗೆ ನಾಡಿಯ ಎರಡು ಅಂಕಿಗಳನ್ನು ಬರೆದರೆ ದಮ್ಮಿನ ಲೆಕ್ಕ ಪೂರ್ತಿಯಾಗುತ್ತದೆ. ಮೊದಲನೆಯದು, ಬೆಳಿಗ್ಗೆ ಎದ್ದ ಕೂಡಲೇ ಮಣಿಕಟ್ಟಿನ ಮೇಲೆ ಬೆರಳಿಟ್ಟು ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದ ವಿಶ್ರಾಂತಿಯ ನಾಡಿ. ಕೆಲವು ತಿಂಗಳ ಓಟ ಅಥವಾ ಸೈಕಲ್ಲಿನಿಂದ ಇದು ನಿಧಾನವಾಗಿ ಇಳಿಯುತ್ತದೆ. ನಿದ್ದೆಗೆಟ್ಟಾಗ, ಜ್ವರ ಬರುವ ಮುನ್ನ, ವ್ಯಾಯಾಮ ಅತಿಯಾದಾಗ ಏರುತ್ತದೆ. ಎರಡನೆಯದು, ಜೋರಾಗಿ ಓಡಿ ನಿಂತ ಮೇಲೆ ಮೊದಲ ಒಂದು ನಿಮಿಷದಲ್ಲಿ ನಾಡಿ ಎಷ್ಟು ಇಳಿಯಿತು ಎಂಬುದು. ಈ ಇಳಿತ 12 ಬಡಿತ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಮುಂದಿನ ಆರು ವರ್ಷಗಳಲ್ಲಿ ಸಾವಿನ ಸಂಭವ ಹೆಚ್ಚಿತ್ತು ಎಂದು 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಧ್ಯಯನ ಕಂಡುಕೊಂಡಿತು. ಹೃದಯದ ತಪಾಸಣೆಗೆಂದು ಬಂದವರ ಮೇಲೆ ನಡೆದ ಅಧ್ಯಯನವಾದ್ದರಿಂದ ಅದನ್ನು ಜಾತಕದಂತೆ ಓದಬಾರದು. ಆದರೆ ಇಳಿತ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದೆಯೇ ಎಂದು ನೋಡುವುದು ಪ್ರಯೋಜನಕರ. ಇದಕ್ಕೆ ಎದುರಾಗಿ, ಟ್ರೆಡ್‌ಮಿಲ್ಲಿನ ಮೇಲೆ ಅಂಟಿಸಿರುವ ‘220ರಿಂದ ವಯಸ್ಸು ಕಳೆಯಿರಿ’ ಎಂಬ ಗರಿಷ್ಠ ನಾಡಿಯ ಸೂತ್ರವನ್ನು ಜನ ಅತಿಯಾಗಿ ನಂಬುತ್ತಾರೆ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಕೊಟ್ಟ ಪರಿಷ್ಕೃತ ಸೂತ್ರದ ಪ್ರಕಾರ 60 ವಯಸ್ಸಿನವರ ಗರಿಷ್ಠ ನಾಡಿ 160 ಅಲ್ಲ, 166. ಎರಡೂ ಸೂತ್ರಗಳು ಸರಾಸರಿಯನ್ನು ಹೇಳುತ್ತವೆ. ಒಬ್ಬೊಬ್ಬರ ನಿಜವಾದ ಗರಿಷ್ಠ ಹತ್ತು ಬಡಿತ ಆಚೀಚೆ ಇರುವುದು ಸಾಮಾನ್ಯ.

ಇಷ್ಟೆಲ್ಲ ಅಳೆದರೂ ಪರಿಸ್ಥಿತಿ ಒಂದೇ ಆಗಿರದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ. ಚಿತ್ರದುರ್ಗ ಜಿಲ್ಲೆ ಒಣಸೀಮೆ. ಏಪ್ರಿಲ್ ಬಿಸಿಲಿನಲ್ಲಿ ಮೈ ತಣ್ಣಗಾಗಲು ಚರ್ಮಕ್ಕೆ ಹೆಚ್ಚು ರಕ್ತ ಹರಿಯಬೇಕಾಗುತ್ತದೆ, ಬೆವರಿನಿಂದ ನೀರು ಕಡಿಮೆಯಾಗುತ್ತದೆ, ಅದೇ ವೇಗದ ಓಟಕ್ಕೆ ನಾಡಿ ಹೆಚ್ಚು ಬಡಿಯುತ್ತದೆ. ಡಿಸೆಂಬರಿನ ಚುಮುಚುಮು ಚಳಿಯಲ್ಲಿ ಓಡಿದ ಸಮಯಕ್ಕೆ ಏಪ್ರಿಲ್ ಸಂಜೆಯ ಸಮಯವನ್ನು ಹೋಲಿಸಿ ‘ನಾನು ಹಿಂದೆ ಬಿದ್ದೆ’ ಎಂದುಕೊಳ್ಳುವುದು ತಪ್ಪು. ಪರೀಕ್ಷೆಯ ದಿನಕ್ಕೆ ಅದೇ ಹೊತ್ತು, ಅದೇ ಹಾದಿ, ಊಟವಾಗಿ ಅಷ್ಟೇ ಸಮಯ ಇರಬೇಕು. ಸಾಧ್ಯವಾದರೆ ಈ ಡಿಸೆಂಬರನ್ನು ಹೋದ ಡಿಸೆಂಬರಿಗೇ ಹೋಲಿಸಬೇಕು. ಅಂಕಿಯನ್ನು ಹೀಗೆ ಓದುವುದು ಹಿರಿಯೂರಿನ ರೈತರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರಿನ ಮಟ್ಟವನ್ನು ಅವರು ತಲೆಮಾರುಗಳಿಂದ ಅಡಿಗಳಲ್ಲಿ ಓದುತ್ತಾ ಬಂದಿದ್ದಾರೆ. ಮಾರಿಕಣಿವೆ ಎಂದೂ ಕರೆಯುವ ಈ ಜಲಾಶಯ 1933ರ ನಂತರ ಮತ್ತೆ 130 ಅಡಿ ತುಂಬಿ ಕೋಡಿ ಬಿದ್ದದ್ದು 2022ರಲ್ಲಿ. ಒಂದು ದಿನದ ಅರ್ಧ ಅಡಿ ಏರಿಕೆ ನೋಡಿ ಯಾರೂ ಹಿಗ್ಗುವುದಿಲ್ಲ, ಬೇಸಿಗೆಯ ಇಳಿಕೆ ನೋಡಿ ಜಲಾಶಯವೇ ಬತ್ತಿತೆನ್ನುವುದಿಲ್ಲ. ಅದೇ ಅಳತೆಪಟ್ಟಿ, ಅದೇ ಕಾಲ, ಹಲವು ವರ್ಷಗಳ ಸಾಲು, ಇವನ್ನಿಟ್ಟುಕೊಂಡೇ ಅವರು ತೀರ್ಮಾನಕ್ಕೆ ಬರುತ್ತಾರೆ. ಮೈಯ ಲೆಕ್ಕಕ್ಕೂ ಇದೇ ವಿವೇಕ ಬೇಕು.

ಕೈಗಡಿಯಾರದಂಥ ಫಿಟ್‌ನೆಸ್ ಬ್ಯಾಂಡು ಮತ್ತು ಮೊಬೈಲ್ ಆ್ಯಪ್ ಈ ಶ್ರಮವನ್ನೆಲ್ಲ ಉಳಿಸುತ್ತವೆ ಎಂಬುದು ಇಂದಿನ ನಂಬಿಕೆ. ಸಾಕ್ಷ್ಯ ಅಷ್ಟು ಉದಾರವಾಗಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಏಳು ಬಗೆಯ ಬ್ಯಾಂಡುಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿತು. ಆರು ಬ್ಯಾಂಡುಗಳು ನಾಡಿಯನ್ನು ಶೇ 5ರ ತಪ್ಪಿನೊಳಗೆ ತೋರಿಸಿದವು. ಸುಟ್ಟ ಕ್ಯಾಲೊರಿಯ ಲೆಕ್ಕದಲ್ಲಿ ಮಾತ್ರ ಅತ್ಯುತ್ತಮ ಬ್ಯಾಂಡಿಗೇ ಸರಾಸರಿ ಶೇ 27, ಅತಿ ಕಳಪೆಯದಕ್ಕೆ ಶೇ 93ರಷ್ಟು ತಪ್ಪಿತ್ತು. ಬ್ಯಾಂಡು ತೋರಿಸಿದ ಕ್ಯಾಲೊರಿಯನ್ನು ನಂಬಿ ಒಂದು ಮುದ್ದೆ ಹೆಚ್ಚು ಉಂಡರೆ ಲೆಕ್ಕ ತಪ್ಪುವುದು ಖಚಿತ. ಈ ಪರೀಕ್ಷೆಯ ಹಿಂದಿನ ವರ್ಷ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಎರಡು ವರ್ಷಗಳ ಪ್ರಯೋಗದಲ್ಲಿ, ಆಹಾರ ಮತ್ತು ವ್ಯಾಯಾಮದ ಸಲಹೆಯೊಂದಿಗೆ ತಾವೇ ದಾಖಲೆ ಇಟ್ಟವರು ಸರಾಸರಿ 5.9 ಕಿಲೋ ಇಳಿಸಿದರೆ, ಅದೇ ಸಲಹೆಯೊಂದಿಗೆ ಧರಿಸುವ ಸಾಧನ ಪಡೆದವರು 3.5 ಕಿಲೋ ಮಾತ್ರ ಇಳಿಸಿದರು. ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಗುರಿ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, 1965ರ ಹೊತ್ತಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿ. ಬ್ಯಾಂಡು ನಿರುಪಯುಕ್ತ ಎಂದು ಇದರ ಅರ್ಥವಲ್ಲ. ನಾಡಿ ಎಣಿಸಲು, ಓಟದ ಸಮಯ ಹಿಡಿಯಲು ಅದು ಒಳ್ಳೆಯ ಸಾಧನ. ತಮ್ಮ ಕೈಯಿಂದ ಬರೆದವರು ಬರೆಯುವಾಗಲೇ ಯೋಚಿಸುತ್ತಾರೆ; ಯಂತ್ರ ಬರೆದದ್ದನ್ನು ಹಿಂತಿರುಗಿ ನೋಡುವವರು ಕಡಿಮೆ.

ಇನ್ನು ಆಕ್ಷೇಪಗಳು. ಅಳತೆ ಹೆಚ್ಚಾದರೆ ಆನಂದ ಕಡಿಮೆಯಾಗುತ್ತದೆ ಎಂಬುದು ಮೊದಲನೆಯದು, ಮತ್ತು ಅದು ಬರೀ ಮಾತಲ್ಲ. ನಡಿಗೆ, ಓದಿನಂಥ ಚಟುವಟಿಕೆಗಳನ್ನು ಎಣಿಸತೊಡಗಿದಾಗ ಜನ ಹೆಚ್ಚು ಮಾಡಿದರೂ ಅದರಲ್ಲಿ ಪಡುವ ಖುಷಿ ಕಡಿಮೆಯಾಯಿತು ಎಂದು 2016ರಲ್ಲಿ ಜೋರ್ಡಾನ್ ಎಟ್ಕಿನ್ ಪ್ರಯೋಗಗಳಿಂದ ತೋರಿಸಿದರು. ಈ ಮಾತನ್ನು ಒಪ್ಪಿಕೊಂಡೇ ಉತ್ತರಿಸಬೇಕು. ಎಣಿಸುವುದನ್ನು ಬಿಡಬೇಕಾಗಿಲ್ಲ, ಎಣಿಸುವ ಸಂಗತಿಗಳನ್ನು ಕಡಿಮೆ ಮಾಡಬೇಕು. ದಿನದ ದಾಖಲೆ ಐದು ಸಾಲಿಗೆ ನಿಲ್ಲಲಿ. ಓಟದ ಪರೀಕ್ಷೆ, ಸೊಂಟದ ಸುತ್ತಳತೆ ಆರು ವಾರಕ್ಕೊಮ್ಮೆ ಬರಲಿ. ಉಳಿದ ದಿನಗಳಲ್ಲಿ ಬೆಟ್ಟ ಹತ್ತುವವರು ಬೆಟ್ಟವನ್ನಷ್ಟೇ ಹತ್ತಲಿ. ಎರಡನೆಯ ಆಕ್ಷೇಪ ದುಡಿಮೆಯದು: ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರಿಗೆ, ತೆಂಗು ಅಡಿಕೆ ಮರ ಹತ್ತುವವರಿಗೆ, ಕಳೆ ಕೀಳುವ ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎಂಬುದು. ದುಡಿಮೆಗೆ ಗೌರವ ಸಲ್ಲಲೇಬೇಕು. ಆದರೆ ದುಡಿಮೆಯಲ್ಲಿ ಭಾರ ಮೈಗೆ ತಕ್ಕಂತೆ ಏರುವುದಿಲ್ಲ, ಆಯಾಸವಾದಾಗ ಇಳಿಯುವುದಿಲ್ಲ, ಎರಡೂ ಬದಿಗೆ ಸಮನಾಗಿ ಬೀಳುವುದಿಲ್ಲ. ವ್ಯಾಯಾಮ ಮೈಯನ್ನು ಕಟ್ಟುವುದು ಭಾರ ಮತ್ತು ವಿಶ್ರಾಂತಿ ಎರಡನ್ನೂ ಅಳೆದು ಕೊಟ್ಟಾಗ. ಜೊತೆಗೆ ಬೈಕು, ಟ್ರ್ಯಾಕ್ಟರ್, ಬೋರ್‌ವೆಲ್ ಬಂದ ಮೇಲೆ ಹಳ್ಳಿಯ ದುಡಿಮೆಯೂ ಹಿಂದಿನಷ್ಟು ಮೈಮುರಿಯುವಂಥದ್ದಾಗಿ ಉಳಿದಿಲ್ಲ.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಭಯ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡಾಗ ನಾಡಿಗೆ ನಾಡೇ ಮರುಗಿತು. ಅಷ್ಟು ಗಟ್ಟಿಮುಟ್ಟಾಗಿದ್ದವರಿಗೇ ಹೀಗಾದರೆ ಎಂದು ಜನ ತಪಾಸಣೆಗಾಗಿ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಜಿಮ್ಮೇ ಅಪಾಯ ಎಂಬ ಮಾತು ಊರೂರಿಗೆ ಹರಡಿತು. ಒಬ್ಬರ ಸಾವಿನಿಂದ ಕಾರಣವನ್ನು ಊಹಿಸುವುದು ಸರಿಯಲ್ಲ. ಸಾವಿರಕ್ಕೂ ಹೆಚ್ಚು ಹೃದಯಾಘಾತಗಳ ಅಧ್ಯಯನ ಏನು ಹೇಳುತ್ತದೆ ಎಂದು ನೋಡಬಹುದು. ಮಿಟಲ್‌ಮನ್ ಮತ್ತು ಸಂಗಡಿಗರ 1993ರ ಅಧ್ಯಯನದ ಪ್ರಕಾರ, ವಾರಕ್ಕೊಮ್ಮೆಯೂ ವ್ಯಾಯಾಮ ಮಾಡದವರು ಒಮ್ಮೆಲೇ ತೀವ್ರ ಶ್ರಮಕ್ಕೆ ಇಳಿದರೆ ಆ ಹೊತ್ತಿನಲ್ಲಿ ಹೃದಯಾಘಾತದ ಸಂಭವ ಸುಮಾರು 107 ಪಟ್ಟು ಏರುತ್ತದೆ. ವಾರಕ್ಕೆ ಐದು ಅಥವಾ ಹೆಚ್ಚು ಬಾರಿ ಮಾಡುವವರಲ್ಲಿ ಏರುವುದು 2.4 ಪಟ್ಟು. ಅಪಾಯವಿರುವುದು ದಿಢೀರ್ ನೆಗೆತದಲ್ಲಿ. ನಿನ್ನೆ ಎಷ್ಟು ಮಾಡಿದೆ ಎಂದು ಬರೆದಿಟ್ಟವರು ಇಂದು ನೆಗೆಯುವುದು ಕಡಿಮೆ. ಅದೇ ವೇಗಕ್ಕೆ ಈ ವಾರ ಏಕೋ ಹೆಚ್ಚು ಏದುಸಿರು ಬರುತ್ತಿದೆ ಎಂಬುದು ಮೊದಲು ಕಾಣುವುದೂ ನೋಟ್‌ಬುಕ್ಕಿನಲ್ಲೇ. ಆದರೆ ನೋಟ್‌ಬುಕ್ಕು ವೈದ್ಯರ ಜಾಗ ತುಂಬಲಾರದು. ಎದೆ ಹಿಡಿತ, ತಲೆಸುತ್ತು, ತೋಳಿಗೆ ಹರಿಯುವ ನೋವು ಬಂದರೆ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡ, ಮಧುಮೇಹ ಇರುವವರು ಶುರು ಮಾಡುವ ಮೊದಲೇ ಹೋಗಬೇಕು. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಈ ಜಿಲ್ಲೆಯಲ್ಲಿ ಬೆನ್ನು, ಕುತ್ತಿಗೆಯ ಬಿಗಿತ ವಾರಗಟ್ಟಲೆ ಸಡಿಲಗೊಳ್ಳದಿದ್ದರೆ ಅದನ್ನು ವ್ಯಾಯಾಮದ ನೋವೆಂದು ತಳ್ಳಿಹಾಕುವುದೂ ಸಲ್ಲದು.

ಮಹಿಳೆಯರಿಗೂ ವಯಸ್ಸಾದವರಿಗೂ ತೂಕದ ಯಂತ್ರ ಮಾಡುವ ಅನ್ಯಾಯ ಎಲ್ಲಕ್ಕಿಂತ ದೊಡ್ಡದು. ಅವರ ಪ್ರಗತಿಯನ್ನು ಇಳಿದ ಕಿಲೋಗಳಲ್ಲಿ ಮಾತ್ರ ಕೇಳಲಾಗುತ್ತದೆ. ಆದರೆ ಬಲವೇ ಆಯುಸ್ಸಿನ ಸೂಚಕ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡ, 17 ದೇಶಗಳ ಸುಮಾರು 1.4 ಲಕ್ಷ ಜನರ ಪ್ಯೂರ್ ಅಧ್ಯಯನ 2015ರಲ್ಲಿ ಕಂಡುಕೊಂಡಂತೆ ಮುಷ್ಟಿಯ ಹಿಡಿತದ ಬಲ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಸಂಭವ ಶೇ 16ರಷ್ಟು ಹೆಚ್ಚಿತ್ತು. ಹಿಡಿತ ಅಳೆಯುವ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಇಲ್ಲಿನ ಮನೆಮನೆಯಲ್ಲೂ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರಿನ ಕ್ಯಾನು ಇರುತ್ತದೆ. ತುಂಬಿದರೆ 20 ಕಿಲೋಗಿಂತ ತುಸು ಹೆಚ್ಚು. ಅದನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲದೆ ಎಷ್ಟು ಹೆಜ್ಜೆ ನಡೆಯಬಲ್ಲೆ ಎಂಬುದು ಗೃಹಿಣಿಯ ನೋಟ್‌ಬುಕ್ಕಿಗೆ ತಕ್ಕ ಸಾಲು. ಅಷ್ಟು ಆಗದವರು ಅರ್ಧ ತುಂಬಿಸಿ ಶುರು ಮಾಡಬಹುದು. ಹಿರಿಯರು ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಬಾರಿ ಎದ್ದು ಕೂರಬಲ್ಲರು ಎಂದು ಎಣಿಸಬಹುದು. ಸೊಂಟದ ಸುತ್ತಳತೆಯನ್ನು, ನಮ್ಮವರಿಗೆ ಗಂಡಸರಲ್ಲಿ 90 ಮತ್ತು ಹೆಂಗಸರಲ್ಲಿ 80 ಸೆಂಟಿಮೀಟರ್ ಎಂಬ ಎಚ್ಚರಿಕೆಯ ಗೆರೆಯೊಂದಿಗೆ, ಪಕ್ಕದಲ್ಲಿ ಬರೆದರೆ ತೂಕದ ಯಂತ್ರ ಹೇಳುವುದಕ್ಕಿಂತ ಹೆಚ್ಚು ತಿಳಿಯುತ್ತದೆ.

ಕೊನೆಯದಾಗಿ, ಯಾರ ಜೊತೆ ಹೋಲಿಕೆ? ಹೆರಿಟೇಜ್ ಎಂಬ ಪ್ರಸಿದ್ಧ ಅಧ್ಯಯನದಲ್ಲಿ ನೂರಾರು ಜನರಿಗೆ 20 ವಾರ ಒಂದೇ ಬಗೆಯ ಸೈಕಲ್ ತರಬೇತಿ ಕೊಟ್ಟಾಗ ಕೆಲವರ ಆಮ್ಲಜನಕ ಬಳಕೆಯ ಸಾಮರ್ಥ್ಯ ಅಪಾರವಾಗಿ ಹೆಚ್ಚಿತು, ಕೆಲವರದು ಹೆಚ್ಚೇನೂ ಬದಲಾಗಲಿಲ್ಲ. ಈ ವ್ಯತ್ಯಾಸದಲ್ಲಿ ಹುಟ್ಟಿನ ಪಾಲು ದೊಡ್ಡದು ಎಂದು ಸಂಶೋಧಕರು ಕಂಡರು. ಪಕ್ಕದ ಬೆಂಚಿನವರನ್ನು ನೋಡಿ ನಮ್ಮನ್ನು ಅಳೆದುಕೊಳ್ಳುವುದು ಆದ್ದರಿಂದ ಲೆಕ್ಕದಲ್ಲೇ ತಪ್ಪು. ದಮ್ಮು ಹೆಚ್ಚದವರಿಗೂ ಬಲ ಹೆಚ್ಚಬಹುದು, ಸಕ್ಕರೆ ಹತೋಟಿಗೆ ಬರಬಹುದು. ಒಂದಕ್ಕಿಂತ ಹೆಚ್ಚು ಸಾಲು ಬರೆಯಬೇಕೆನ್ನುವುದು ಅದಕ್ಕಾಗಿಯೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ. ಇದನ್ನು ಯಾವ ಊರಿನ ಯಾವ ಜಿಮ್ಮೂ ಕೊಡಬಲ್ಲದು. ಅದರ ಫಲವನ್ನು ಸದಸ್ಯರಿಗೆ ತೋರಿಸುವ ಜವಾಬ್ದಾರಿಯೂ ಜಿಮ್ಮಿನದೇ. ಸೇರಿದ ದಿನವೇ ಪ್ರತಿ ಸದಸ್ಯರಿಗೂ ಒಂದು ನೋಟ್‌ಬುಕ್ಕು ಕೊಟ್ಟು, ಮೊದಲ ಪುಟದಲ್ಲಿ ಆರಂಭದ ಅಂಕಿಗಳನ್ನು ಟ್ರೈನರ್ ತಮ್ಮ ಕೈಯಾರೆ ಬರೆದು, ಆರು ವಾರಕ್ಕೊಮ್ಮೆ ಜೊತೆಗೆ ಕೂತು ನೋಡುವ ಪದ್ಧತಿಯನ್ನು ಮೊದಲು ಹೇಳಿದ ನಾಲ್ಕು ಊರುಗಳ ಜಿಮ್ಮುಗಳು ನಾಳೆಯೇ ಶುರು ಮಾಡಬಹುದು. ಖರ್ಚು ಒಂದು ನೋಟ್‌ಬುಕ್ಕಿನ ಬೆಲೆಯಷ್ಟೇ. ಫೀಸು ಕಟ್ಟುವವರೂ ಇದನ್ನು ಕೇಳಿ ಪಡೆಯಬೇಕು, ಏಕೆಂದರೆ ತಮ್ಮ ದೇಹ ಏನನ್ನು ಮಾಡಬಲ್ಲದಾಯಿತು ಎಂದು ತಿಳಿಯುವುದು ಅವರ ಹಕ್ಕು.